ನದಿ ನೌಕಾಯಾನದಲ್ಲಿ ಕೊಠಡಿಯ ಆಯ್ಕೆ: ಗಂಗಾ ಮತ್ತು ಬ್ರಹ್ಮಪುತ್ರಾ ಪ್ರವಾಸಿಗರಿಗೆ ಮಾಹಿತಿ

1. ಪೀಠಿಕೆ

ಅಲಹಾಬಾದಿನಿಂದ (ಈಗಿನ ಪ್ರಯಾಗ್‌ರಾಜ್) ಹಲ್ದಿಯಾದವರೆಗಿನ ಗಂಗಾ–ಭಾಗೀರಥಿ–ಹೂಗ್ಲಿ ನದಿ ವ್ಯವಸ್ಥೆಯ 1,620 ಕಿ.ಮೀ. ಉದ್ದದ ಪಾತ್ರವನ್ನು 1986ರಲ್ಲಿ ರಾಷ್ಟ್ರೀಯ ಜಲಮಾರ್ಗ–1 ಎಂದು ಘೋಷಿಸಲಾಯಿತು. ಅಸ್ಸಾಮಿನ ಸದಿಯಾದಿಂದ ಧುಬ್ರಿಯವರೆಗಿನ ಬ್ರಹ್ಮಪುತ್ರಾ ನದಿಯ 891 ಕಿ.ಮೀ. ಪಾತ್ರವು 1988ರಲ್ಲಿ ರಾಷ್ಟ್ರೀಯ ಜಲಮಾರ್ಗ–2 ಎನಿಸಿತು. ಈ ಎರಡೂ ಮಾರ್ಗಗಳಲ್ಲಿ ವಾಸದ ಕೊಠಡಿಗಳುಳ್ಳ ಪ್ರವಾಸಿ ನೌಕೆಗಳು ಸಂಚರಿಸುತ್ತವೆ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ನೌಕೆಯು ಬಾಂಗ್ಲಾದೇಶದ ಮೂಲಕ ಸುಮಾರು 3,200 ಕಿ.ಮೀ. ಕ್ರಮಿಸಿ ದಿಬ್ರುಗಢವನ್ನು ತಲುಪಿದ ನಂತರ ಇಂತಹ ಪ್ರವಾಸಗಳ ಬಗ್ಗೆ ಸಾರ್ವಜನಿಕರ ಆಸಕ್ತಿ ಹೆಚ್ಚಿದೆ.

ನದಿ ನೌಕೆಯು ಸಮುದ್ರದ ಹಡಗಿಗಿಂತ ಬಹಳ ಚಿಕ್ಕದು. ಗಂಗಾ ವಿಲಾಸ್ 62 ಮೀಟರ್ ಉದ್ದ, 12 ಮೀಟರ್ ಅಗಲವಿದ್ದು, ಅದರಲ್ಲಿ 36 ಪ್ರಯಾಣಿಕರಿಗೆ 18 ಕೊಠಡಿಗಳಿವೆ. ಕೊಠಡಿಗಳು ಇಷ್ಟು ಕಡಿಮೆ ಇರುವುದರಿಂದ, ಒಮ್ಮೆ ಹತ್ತಿದ ಮೇಲೆ ಬದಲಾಯಿಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದ್ದರಿಂದ ಹಣ ಪಾವತಿಸುವ ಮುನ್ನವೇ ಕೊಠಡಿಯ ಸ್ಥಾನವನ್ನು ಪರಿಶೀಲಿಸುವುದು ಸೂಕ್ತ.

2. ಯಾವ ಅಂತಸ್ತು?

ನೌಕೆಯ ಅಂತಸ್ತುಗಳನ್ನು ಡೆಕ್ ಎಂದು ಕರೆಯಲಾಗುತ್ತದೆ. ಕೆಳ ಡೆಕ್ಕಿನ ಕೊಠಡಿಗಳು ನೀರಿನ ಮಟ್ಟಕ್ಕೆ ಸಮೀಪದಲ್ಲಿರುತ್ತವೆ. ಇವುಗಳ ಕಿಟಕಿ ಚಿಕ್ಕದಾಗಿದ್ದು, ಅನೇಕ ನೌಕೆಗಳಲ್ಲಿ ತೆರೆಯಲು ಬರುವುದಿಲ್ಲ. ನೌಕೆಯು ಎತ್ತರವಾದ ದಡಕ್ಕೆ ತಾಗಿ ನಿಂತಾಗ ಈ ಕಿಟಕಿಗಳಿಂದ ಮಣ್ಣಿನ ಗೋಡೆಯಷ್ಟೇ ಕಾಣುತ್ತದೆ. ಫರಕ್ಕಾದಲ್ಲಿ ಗಂಗೆಯಿಂದ ಪೂರಕ ಕಾಲುವೆಗೆ ಇಳಿಯುವ ಜಲಬಂಧವನ್ನು ದಾಟುವಾಗಲೂ ಇದೇ ಸ್ಥಿತಿ. ಇವುಗಳ ಬಾಡಿಗೆ ಮಾತ್ರ ಕಡಿಮೆ.

ಮೇಲಿನ ಡೆಕ್ಕಿನ ಕೊಠಡಿಗಳಿಗೆ ದೊಡ್ಡ ಗಾಜಿನ ಬಾಗಿಲು ಅಥವಾ ಮೊಗಸಾಲೆ ಇರುತ್ತದೆ. ‘ಬಾಲ್ಕನಿ’ ಎಂಬ ಪದಕ್ಕೆ ಎರಡು ಅರ್ಥಗಳಿರುವುದನ್ನು ಗಮನಿಸಬೇಕು. ‘ಫ್ರೆಂಚ್ ಬಾಲ್ಕನಿ’ ಎಂದರೆ ತೆರೆಯಬಹುದಾದ ಬಾಗಿಲಿಗೆ ಅಡ್ಡಲಾಗಿ ಹಾಕಿದ ಕಂಬಿ ಮಾತ್ರ. ಅಲ್ಲಿ ಕುರ್ಚಿ ಹಾಕಿ ಕೂರುವಷ್ಟು ಜಾಗವಿರುವುದಿಲ್ಲ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಗಂಗಾ ಬಯಲಿನಲ್ಲಿ ಬೆಳಗಿನ ಹೊತ್ತು ದಟ್ಟವಾದ ಮಂಜು ಕವಿಯುವುದರಿಂದ ಸ್ವಂತ ಬಾಲ್ಕನಿಯ ಉಪಯೋಗ ಕೆಲವೇ ಗಂಟೆಗಳಿಗೆ ಸೀಮಿತವಾಗುತ್ತದೆ. ಎಲ್ಲಕ್ಕಿಂತ ಮೇಲಿರುವ ತೆರೆದ ಡೆಕ್ ಎಲ್ಲ ಪ್ರಯಾಣಿಕರಿಗೂ ಸೇರಿದ್ದು. ಹಗಲನ್ನು ಅಲ್ಲಿ ಕಳೆಯಲು ಇಚ್ಛಿಸುವವರು ಹೆಚ್ಚಿನ ಬಾಡಿಗೆಯ ಅಗತ್ಯವನ್ನು ತಾವೇ ಪರಾಮರ್ಶಿಸಬಹುದು.

3. ಮುಂಭಾಗವೇ, ಹಿಂಭಾಗವೇ?

ಎಂಜಿನ್ ಮತ್ತು ಪ್ರೊಪೆಲ್ಲರುಗಳು ಸಾಮಾನ್ಯವಾಗಿ ಹಿಂಭಾಗದ ತಳದಲ್ಲಿರುತ್ತವೆ. ಆದ್ದರಿಂದ ಹಿಂಬದಿಯ ಕೆಳ ಕೊಠಡಿಗಳಲ್ಲಿ ಸದ್ದು ಮತ್ತು ಕಂಪನ ಹೆಚ್ಚು. ಆದರೆ ಈ ನದಿಗಳಲ್ಲಿ ಇನ್ನೊಂದು ವಿಷಯವನ್ನು ನೆನಪಿಡಬೇಕು. ಬ್ರಹ್ಮಪುತ್ರಾ ನದಿಯ ಮರಳು ದಿಬ್ಬಗಳು ಪ್ರತಿ ಮಳೆಗಾಲದಲ್ಲೂ ಸ್ಥಾನ ಬದಲಿಸುವುದರಿಂದ ಪ್ರವಾಸಿ ನೌಕೆಗಳು ಸಾಮಾನ್ಯವಾಗಿ ರಾತ್ರಿ ಸಂಚರಿಸದೆ ದಡದಲ್ಲಿ ತಂಗುತ್ತವೆ. ಆಗ ಎಂಜಿನ್ ನಿಂತಿರುತ್ತದೆ, ಆದರೆ ವಿದ್ಯುತ್ತಿಗಾಗಿ ಜನರೇಟರ್ ನಡೆಯುತ್ತಿರುತ್ತದೆ. ನಿದ್ದೆಗೆ ಭಂಗ ತರುವುದು ಈ ಜನರೇಟರ್. ಆದ್ದರಿಂದ ‘ಎಂಜಿನ್ ಎಲ್ಲಿದೆ’ ಎಂಬುದರ ಜೊತೆಗೆ ‘ಜನರೇಟರ್ ಎಲ್ಲಿದೆ, ರಾತ್ರಿಯಿಡೀ ನಡೆಯುತ್ತದೆಯೇ’ ಎಂದೂ ವಿಚಾರಿಸತಕ್ಕದ್ದು.

ಮುಂಭಾಗದ ಕೊಠಡಿಗಳು ಸಂಚಾರದ ವೇಳೆ ಶಾಂತವಾಗಿರುತ್ತವೆ. ಲಂಗರು ಎತ್ತುವ ಮತ್ತು ಇಳಿಸುವ ಸಮಯದಲ್ಲಿ ಮಾತ್ರ ಸರಪಳಿಯ ಸದ್ದು ಕೇಳಿಸುತ್ತದೆ. ಲಘು ನಿದ್ರೆಯವರಿಗೆ ನೌಕೆಯ ನಡುಭಾಗ, ಅಡುಗೆಮನೆ ಮತ್ತು ಮೆಟ್ಟಿಲುಗಳಿಂದ ದೂರವಿರುವ ಕೊಠಡಿ, ಹೆಚ್ಚು ಅನುಕೂಲಕರವಾಗಿರುತ್ತದೆ.

4. ಎಡಬದಿಯೇ, ಬಲಬದಿಯೇ?

ಕೊಠಡಿಗೆ ಒಂದೇ ಬದಿಯ ನೋಟವಿರುವುದರಿಂದ ಈ ಪ್ರಶ್ನೆಗೆ ಮಹತ್ವವಿದೆ. ಉತ್ತರವು ಪ್ರಯಾಣದ ದಿಕ್ಕನ್ನು ಅವಲಂಬಿಸಿರುತ್ತದೆ. ಕೆಳಗೆ ಎಡ, ಬಲ ಎಂದಿರುವುದು ನೌಕೆ ಚಲಿಸುವ ದಿಕ್ಕಿಗೆ ಮುಖ ಮಾಡಿ ನಿಂತಾಗ.

(ಅ) ಕೋಲ್ಕತ್ತದಿಂದ ಹೂಗ್ಲಿಯ ಮೇಲ್ಮುಖವಾಗಿ: ನೌಕೆ ಉತ್ತರಕ್ಕೆ ಸಾಗುತ್ತದೆ. ಬೇಲೂರು ಮಠ, ಡೇನರ ನೆಲೆಯಾಗಿದ್ದ ಶ್ರೀರಾಂಪುರ, ಫ್ರೆಂಚರ ಚಂದ್ರನಗರ, ಡಚ್ಚರ ಚಿನ್ಸುರಾ ಇವೆಲ್ಲವೂ ಪಶ್ಚಿಮ ದಡದಲ್ಲಿ, ಅಂದರೆ ಎಡಬದಿಯಲ್ಲಿವೆ. ದಕ್ಷಿಣೇಶ್ವರ, ಬ್ಯಾರಕ್‌ಪುರ ಹಾಗೂ ಮುಂದೆ ಮುರ್ಷಿದಾಬಾದಿನ ಹಜಾರ್‌ದುವಾರಿ ಅರಮನೆ ಬಲಬದಿಯಲ್ಲಿವೆ. ಎಡಬದಿಗೆ ಮಧ್ಯಾಹ್ನದ ನಂತರದ ಬಿಸಿಲು ಬೀಳುತ್ತದೆ.

(ಆ) ಬಿಹಾರದಲ್ಲಿ ಗಂಗೆಯ ಮೇಲ್ಮುಖವಾಗಿ: ನೌಕೆ ಪಶ್ಚಿಮಕ್ಕೆ ಸಾಗುತ್ತದೆ. ಸುಲ್ತಾನ್‌ಗಂಜ್, ಮುಂಗೇರ್, ಪಾಟ್ನಾ ನಗರಗಳು ಎಡಬದಿಯಲ್ಲಿವೆ. ಕಹಲ್‌ಗಾಂವ್ ಮತ್ತು ಸುಲ್ತಾನ್‌ಗಂಜ್ ನಡುವೆ ವಿಕ್ರಮಶಿಲಾ ಗಂಗಾ ಡಾಲ್ಫಿನ್ ಅಭಯಾರಣ್ಯವಿದೆ. ಡಾಲ್ಫಿನ್‌ಗಳು ಯಾವ ಬದಿಯಲ್ಲಿಯೂ ಕಾಣಿಸಿಕೊಳ್ಳಬಹುದಾದ್ದರಿಂದ ಆ ಹೊತ್ತಿನಲ್ಲಿ ತೆರೆದ ಡೆಕ್ಕಿನಲ್ಲಿರುವುದೇ ಲೇಸು.

(ಇ) ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಯ ಕೆಳಮುಖವಾಗಿ: ನೌಕೆ ಸ್ಥೂಲವಾಗಿ ಪಶ್ಚಿಮಕ್ಕೆ ಸಾಗುತ್ತದೆ. ಕಾಜಿರಂಗಾ ರಾಷ್ಟ್ರೀಯ ಉದ್ಯಾನವು ಎಡಬದಿಯಲ್ಲಿಯೂ ಮಾಜುಲಿ ಮತ್ತು ತೇಜ್‌ಪುರ ಬಲಬದಿಯಲ್ಲಿಯೂ ಬರುತ್ತವೆ. ಚಳಿಗಾಲದ ಸೂರ್ಯನು ದಕ್ಷಿಣಕ್ಕಿರುವುದರಿಂದ ಎಡಬದಿಯ ಕೊಠಡಿಗಳು ಬೆಚ್ಚಗಿರುತ್ತವೆ, ಬಲಬದಿಯವು ನೆರಳಿನಲ್ಲಿರುತ್ತವೆ.

ಅದೇ ನೌಕೆಯು ಮರಳಿ ಬರುವಾಗ ಇವೆಲ್ಲವೂ ಅದಲುಬದಲಾಗುತ್ತವೆ. ಆದ್ದರಿಂದ ಪ್ರಯಾಣದ ದಿಕ್ಕನ್ನು ತಿಳಿಯದೆ ಬದಿಯನ್ನು ಆರಿಸಬಾರದು.

5. ಹಿರಿಯ ನಾಗರಿಕರು ಮತ್ತು ಒಂಟಿ ಪ್ರಯಾಣಿಕರು

ಅನೇಕ ನದಿ ನೌಕೆಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲುಗಳು ಕಡಿದಾಗಿರುತ್ತವೆ. ಮಂಡಿನೋವು ಇರುವವರು ಊಟದ ಕೋಣೆ ಇರುವ ಡೆಕ್ಕಿನಲ್ಲಿಯೇ ಕೊಠಡಿ ಪಡೆದರೆ ದಿನಕ್ಕೆ ಹಲವು ಬಾರಿ ಹತ್ತಿಳಿಯುವ ಶ್ರಮ ತಪ್ಪುತ್ತದೆ. ಸ್ನಾನಗೃಹದ ಹೊಸ್ತಿಲಿನ ಎತ್ತರ, ಹಿಡಿಕೆಯ ಸೌಲಭ್ಯ ಮತ್ತು ಮಂಚಗಳನ್ನು ಬೇರ್ಪಡಿಸಬಹುದೇ ಎಂಬುದನ್ನೂ ಕೇಳಬೇಕು. ಪ್ರಕಟಿತ ದರವು ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಕೊಠಡಿಯಲ್ಲಿ ಒಬ್ಬರ ದರವಾಗಿರುತ್ತದೆ. ಒಬ್ಬರೇ ತಂಗುವುದಾದರೆ ಹೆಚ್ಚುವರಿ ಮೊತ್ತ ತೆರಬೇಕಾಗುತ್ತದೆ.

6. ಸುರಕ್ಷತೆ

2019ರ ಸೆಪ್ಟೆಂಬರ್ 15ರಂದು ಆಂಧ್ರಪ್ರದೇಶದ ಕಚ್ಚುಲೂರು ಬಳಿ ಪ್ರವಾಹದಲ್ಲಿದ್ದ ಗೋದಾವರಿಯಲ್ಲಿ ಪ್ರವಾಸಿ ದೋಣಿಯೊಂದು ಮುಳುಗಿ ಹಲವಾರು ಮಂದಿ ಪ್ರಾಣ ಕಳೆದುಕೊಂಡರು. ಅಕ್ಟೋಬರ್ ತಿಂಗಳಿನಲ್ಲಿ ದೋಣಿಯನ್ನು ಮೇಲೆತ್ತಿದಾಗ ಅದರೊಳಗೆ ಮತ್ತೆ ಕೆಲವು ಶವಗಳು ದೊರೆತವು. ಅದು ರಾತ್ರಿ ತಂಗುವ ನೌಕೆಯಾಗಿರಲಿಲ್ಲ. ಆದರೂ ಮುಚ್ಚಿದ ಕೋಣೆಯಿಂದ ಹೊರಬರುವ ದಾರಿ ಎಷ್ಟು ಮುಖ್ಯವೆಂಬುದನ್ನು ಆ ದುರಂತವು ತೋರಿಸಿಕೊಟ್ಟಿದೆ. ಕೊಠಡಿಯನ್ನು ಆರಿಸುವಾಗ, ವಿಶೇಷವಾಗಿ ಕೆಳ ಡೆಕ್ಕಿನಲ್ಲಿ, ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

• ಕೊಠಡಿಯ ಬಾಗಿಲಿನಿಂದ ತೆರೆದ ಡೆಕ್ಕಿಗೆ ಹೋಗಲು ಎರಡು ದಾರಿಗಳಿವೆಯೇ?
• ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಕೊಠಡಿಯೊಳಗೇ ಇದೆಯೇ? ಮಕ್ಕಳ ಅಳತೆಯದು ಇದೆಯೇ?
• ವಿದ್ಯುತ್ ನಿಂತಾಗ ಓಣಿಯಲ್ಲಿ ತುರ್ತು ದೀಪ ಬೆಳಗುತ್ತದೆಯೇ?
• 1917ರ ಕಾಯಿದೆಯ ಬದಲಿಗೆ ಬಂದಿರುವ ಒಳನಾಡು ನೌಕೆಗಳ ಅಧಿನಿಯಮ, 2021ರ ಮೇರೆಗೆ ನೌಕೆಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ ಮತ್ತು ವಿಮೆ ಇವೆಯೇ?

ಹತ್ತಿದ ಮೊದಲ ಸಂಜೆಯೇ ಕೊಠಡಿಯಿಂದ ಡೆಕ್ಕಿಗೆ ಒಮ್ಮೆ ನಡೆದು, ಮೆಟ್ಟಿಲುಗಳನ್ನು ಎಣಿಸಿಟ್ಟುಕೊಳ್ಳಬೇಕು. ಕತ್ತಲಲ್ಲಿ ಈ ಲೆಕ್ಕ ನೆರವಾಗುತ್ತದೆ.

7. ಕಾಯ್ದಿರಿಸುವ ಮುನ್ನ

ನೌಕೆಯ ಡೆಕ್ ನಕ್ಷೆಯನ್ನು ತರಿಸಿಕೊಂಡು, ಕೊಠಡಿಯ ಸಂಖ್ಯೆಯನ್ನು ಲಿಖಿತವಾಗಿ ಪಡೆಯಬೇಕು. ವರ್ಗವನ್ನು ಮಾತ್ರ ನಮೂದಿಸಿ, ಸಂಖ್ಯೆಯನ್ನು ನಂತರ ನೀಡುವ ಪದ್ಧತಿಯಲ್ಲಿ ಆಯ್ಕೆಯು ಸಂಸ್ಥೆಯ ಕೈಯಲ್ಲಿ ಉಳಿಯುತ್ತದೆ. ಪ್ರವಾಸದ ಕಾಲ ಮುಖ್ಯವಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಬೇಸಿಗೆ ಸಮೀಪಿಸಿದಂತೆ ನೀರು ಇಳಿದು ಕೆಲವು ಭಾಗಗಳನ್ನು ರಸ್ತೆಯ ಮೂಲಕ ಕ್ರಮಿಸಬೇಕಾಗಿ ಬರಬಹುದು. ಅಂತಹ ಸಂದರ್ಭದಲ್ಲಿ ವಸತಿ ಮತ್ತು ಮರುಪಾವತಿಯ ನಿಯಮಗಳನ್ನು ಮುಂಚಿತವಾಗಿ ಓದಿಕೊಳ್ಳುವುದು ಅವಶ್ಯಕ.

ಮೊದಲು ಸುರಕ್ಷತೆ, ನಂತರ ನಿದ್ದೆ, ಆಮೇಲೆ ನೋಟ ಎಂಬ ಕ್ರಮದಲ್ಲಿ ಕೊಠಡಿಯನ್ನು ಆರಿಸಿ, ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.