ಬಯಲಾಟಕ್ಕೆ ಸಾರ್ವಜನಿಕ ಧನಸಹಾಯ ಮತ್ತು ಲೆಕ್ಕದ ಹೊಣೆ

ಹುಕ್ಕೇರಿ ತಾಲೂಕಿನ ಕಣಗಲಾ ಮಹಾರಾಷ್ಟ್ರದ ಗಡಿಗೆ ಸಮೀಪವಾದ ಗ್ರಾಮ. ಅಲ್ಲಿಂದ ಪೂರ್ವಕ್ಕೆ ಗೋಕಾಕ, ಮೂಡಲಗಿಗಳವರೆಗೆ ಹಬ್ಬಿದ ಸೀಮೆಯು ಶ್ರೀಕೃಷ್ಣ ಪಾರಿಜಾತದ ನೆಲೆ. ಅಪರಾಳ ತಮ್ಮಣ್ಣನ ಕೃತಿಯಿಂದ ಹೊರಟು ಕುಲಗೋಡ ತಮ್ಮಣ್ಣನಿಂದ ಆಟದ ರೂಪ ಪಡೆಯಿತೆನ್ನಲಾದ ಈ ಪ್ರಕಾರವನ್ನು ಕೌಜಲಗಿ ನಿಂಗಮ್ಮನವರು ಕಳೆದ ಶತಮಾನದಲ್ಲಿ ಮನೆಮಾತಾಗಿ ಮಾಡಿದರು. ಇಂದು ಇಂಥ ಆಟಗಳಿಗೆ ಸರಕಾರದ ಬೊಕ್ಕಸದಿಂದಲೂ ಹಣ ಸಲ್ಲುತ್ತದೆ. ಆ ಹಣ ಯಾವ ಅಧಿಕಾರದಿಂದ ಬರುತ್ತದೆ, ಅದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಮೊದಲಿನ ವ್ಯವಸ್ಥೆ ಸರಳವಾದುದು. ಜಾತ್ರೆಗೆ ಊರವರು ಪಟ್ಟಿ ಎತ್ತಿ ಹಣ ಕೂಡಿಸುತ್ತಿದ್ದರು; ಮೇಳಕ್ಕೆ ವೀಳ್ಯ ಕೊಟ್ಟು ಕರೆಸುತ್ತಿದ್ದರು. ಆಟದ ನಡುವೆ ಬಂದ ಆಯೇರಿಯನ್ನು ಕೊಟ್ಟವರ ಹೆಸರು ಹೇಳಿ ರಂಗದ ಮೇಲೆಯೇ ಸಾರುವುದುಂಟು. ಹಣ ಕೊಟ್ಟವರೇ ಆಟ ನೋಡುವವರೂ ಆಗಿದ್ದರಿಂದ ಬೇರೆ ಲೆಕ್ಕಪರಿಶೋಧನೆ ಬೇಕಾಗಲಿಲ್ಲ. ಆಟ ಸಪ್ಪೆಯಾದರೆ ಮರುವರ್ಷ ಆ ಮೇಳಕ್ಕೆ ವೀಳ್ಯ ಹೋಗುತ್ತಿರಲಿಲ್ಲ. ಆದರೆ ಈ ವ್ಯವಸ್ಥೆಯನ್ನು ನಿರ್ದೋಷವೆಂದು ಹೊಗಳಲಾಗದು. ಬರಗಾಲದಲ್ಲಿ ಪಟ್ಟಿ ಏಳುತ್ತಿರಲಿಲ್ಲ. ಮುಪ್ಪಾದ ಕಲಾವಿದನನ್ನು ಸಾಕುವ ಹೊಣೆ ಯಾರದೂ ಆಗಿರಲಿಲ್ಲ.

ಸರಕಾರವು ರಂಗಭೂಮಿಯ ಬಳಿಗೆ ಮೊದಲು ಬಂದದ್ದು ಪೋಷಕನಾಗಿ ಅಲ್ಲ. ೧೮೭೬ರ ನಾಟಕ ಪ್ರದರ್ಶನಗಳ ಕಾಯಿದೆಯು ಆಕ್ಷೇಪಾರ್ಹವೆಂದು ತೋರಿದ ಆಟವನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗ ೧೯೨೩ರ ಕಾಯಿದೆಯಿಂದ ಮನರಂಜನಾ ಸುಂಕ ಬಂದಿತು. ಹೀಗೆ ನಿಷೇಧ ಮತ್ತು ಸುಂಕ ಮೊದಲು, ಸಹಾಯ ಅನಂತರ. ೧೮೭೬ರ ಆ ಕಾಯಿದೆಯನ್ನು ಸಂಸತ್ತು ರದ್ದುಗೊಳಿಸಿದ್ದು ೨೦೧೮ರ ಆರಂಭದಲ್ಲಿ.

ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. ಸಂವಿಧಾನದ ೭ನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ೩೩ನೆಯ ಬಾಬಿನಂತೆ ರಂಗಭೂಮಿ, ನಾಟಕ ಪ್ರದರ್ಶನಗಳು ರಾಜ್ಯದ ವಿಷಯಗಳು. ೨೮೨ನೆಯ ಅನುಚ್ಛೇದವು ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡುವ ಅಧಿಕಾರವನ್ನು ಕೇಂದ್ರ, ರಾಜ್ಯಗಳೆರಡಕ್ಕೂ ಕೊಟ್ಟಿದೆ. ೧೯೫೩ರಲ್ಲಿ ದಿಲ್ಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯ ಉದ್ಘಾಟನೆಯಾಯಿತು. ೧೯೫೬ರ ನವೆಂಬರ ೧ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಈ ಸೀಮೆಯ ಕಲೆಗಳು ಕನ್ನಡ ರಾಜ್ಯದ ಪೋಷಣೆಗೆ ಒಳಪಟ್ಟವು. ೨೦೧೭ರಲ್ಲಿ ಬಯಲಾಟಕ್ಕೆಂದೇ ಪ್ರತ್ಯೇಕ ಅಕಾಡೆಮಿಯು ಬಾಗಲಕೋಟೆಯಲ್ಲಿ ನೆಲೆಗೊಂಡಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘಸಂಸ್ಥೆಗಳಿಗೆ ಧನಸಹಾಯವನ್ನೂ, ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಮಾಸಾಶನವನ್ನೂ ಕೊಡುತ್ತದೆ. ಹಳೆಯ ವ್ಯವಸ್ಥೆಯ ಒಂದು ದೊಡ್ಡ ಕೊರತೆಯನ್ನು ಮಾಸಾಶನವು ನೀಗಿಸಲೆತ್ನಿಸುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ಲೆಕ್ಕದ ವಿಚಾರ. ಸಾರ್ವಜನಿಕ ಧನವನ್ನು ಪರೀಕ್ಷಿಸತಕ್ಕವನು ಮಹಾಲೇಖಪಾಲನು. ೧೯೭೧ರ ಕಾಯಿದೆಯ ೧೪ನೆಯ ಕಲಮಿನ ಪ್ರಕಾರ, ವರ್ಷಕ್ಕೆ ೨೫ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಅನುದಾನ ಅಥವಾ ಸಾಲ ಪಡೆದು, ಅದು ಒಟ್ಟು ವೆಚ್ಚದ ಶೇಕಡ ೭೫ಕ್ಕೆ ಕಡಿಮೆಯಾಗದಿದ್ದರೆ, ಆ ಸಂಸ್ಥೆಯ ಲೆಕ್ಕ ಅವನ ಪರೀಕ್ಷೆಗೆ ಒಳಪಡುತ್ತದೆ. ಹಳ್ಳಿಯ ಮೇಳ ಈ ಮಿತಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಅನ್ವಯಿಸತಕ್ಕದ್ದು ೧೫ನೆಯ ಕಲಮಿನ ತತ್ತ್ವ: ಗೊತ್ತಾದ ಉದ್ದೇಶಕ್ಕೆ ಕೊಟ್ಟ ಹಣ ಆ ಉದ್ದೇಶಕ್ಕೇ ಸಂದಿತೆಂದು ಮಂಜೂರು ಮಾಡಿದ ಅಧಿಕಾರಿಯು ಹೇಗೆ ಮನಗಂಡನು ಎಂಬುದರ ಪರಿಶೀಲನೆ. ಅಧಿಕಾರಿಯು ಮನಗಾಣುವುದು ಹಣಬಳಕೆ ಪ್ರಮಾಣಪತ್ರ, ರಸೀದಿ, ಛಾಯಾಚಿತ್ರಗಳಿಂದ.

ತೊಡಕು ಹುಟ್ಟುವುದು ಇಲ್ಲಿಯೇ. ಕಾಗದ ಸರಿಯಿದ್ದರೆ ಲೆಕ್ಕ ಸರಿ; ಆಟ ನಿಜವಾಗಿ ನಡೆಯಿತೆ, ಎಷ್ಟು ಹೊತ್ತು ನಡೆಯಿತು, ಹಿಮ್ಮೇಳದವನಿಗೆ ಅವನ ಪಾಲು ಮುಟ್ಟಿತೆ ಎಂಬುದಕ್ಕೆ ಕಡತದಲ್ಲಿ ಉತ್ತರವಿರದು. ೧೯೬೦ರ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ನೋಂದಾಯಿಸಿಕೊಂಡು, ಕಾಗದಪತ್ರ ಬಲ್ಲ ಕಾರ್ಯದರ್ಶಿಯಿರುವ ಸಂಘಕ್ಕೆ ಹಾದಿ ಸುಗಮ. ಬಿತ್ತನೆ ಮುಗಿದ ಮೇಲೆ ಗೆಜ್ಜೆ ಕಟ್ಟುವ, ಅಕ್ಷರ ಬಾರದ ಭಾಗವತನಿರುವ ಮೇಳಕ್ಕೆ ಅದೇ ಹಾದಿ ದುರ್ಗಮ. ಲೆಕ್ಕದ ನಿಯಮವು ಅರಿವಿಲ್ಲದೆಯೇ ಕಲೆಯನ್ನು ಆರಿಸುವ ನಿಯಮವಾಗಿಬಿಡುತ್ತದೆ.

ಸಂಸ್ಥೆಗಳ ಸ್ಥೈರ್ಯವೂ ವಿಚಾರಣೀಯ. ಬ್ರಿಟನ್ನಿನಲ್ಲಿ ೧೯೪೬ರ ಸನ್ನದಿನಿಂದ ಕಲಾ ಪರಿಷತ್ತನ್ನು ರಚಿಸಿದಾಗ, ಸರಕಾರ ಹಣ ಕೊಡತಕ್ಕದ್ದು, ಹಂಚಿಕೆಯಲ್ಲಿ ಕೈಹಾಕಬಾರದು ಎಂಬುದು ಅಂಗೀಕೃತ ತತ್ತ್ವವಾಯಿತು. ನಮ್ಮ ಅಕಾಡೆಮಿಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಸರಕಾರವೇ. ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಸರಕಾರ ಬದಲಾದೊಡನೆ ನೇಮಕಗಳು ರದ್ದಾದವು. ಎರಡನೆಯ ಸಲ ಹೊಸ ಅಧ್ಯಕ್ಷರು ಬಂದದ್ದು ೨೦೨೪ರ ಮಾರ್ಚಿಯಲ್ಲಿ. ನಡುವಣ ತಿಂಗಳುಗಳಲ್ಲಿ ಕಚೇರಿಯಿದ್ದರೂ ನಿರ್ಣಯಕ್ಕೆ ಉತ್ತರ ಹೇಳತಕ್ಕ ಮಂಡಳಿ ಇರಲಿಲ್ಲ.

ಇದಕ್ಕೆ ಪರಿಹಾರ ಹೊಸ ಕಾಯಿದೆಯಲ್ಲಿಯೇ ಇದೆಯೆಂದು ನಾವು ತಿಳಿಯುವುದಿಲ್ಲ. ೧೯೯೩ರಲ್ಲಿ ಜಾರಿಗೆ ಬಂದ ೭೩ನೆಯ ತಿದ್ದುಪಡಿಯು ಸಂವಿಧಾನಕ್ಕೆ ೧೧ನೆಯ ಅನುಸೂಚಿಯನ್ನು ಸೇರಿಸಿತು. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ೨೧ನೆಯದು ಸಾಂಸ್ಕೃತಿಕ ಚಟುವಟಿಕೆ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ೪ನೆಯ ಕಲಮಿನಂತೆ ಸಹಾಯಧನದ ಮೊತ್ತವನ್ನೂ ಪಡೆದವರ ವಿವರವನ್ನೂ ಯಾರೂ ಕೇಳದಿದ್ದರೂ ಪ್ರಕಟಿಸತಕ್ಕದ್ದು. ಇವೆರಡನ್ನೂ ಕೂಡಿಸಿದರೆ ದಾರಿ ತೋರುತ್ತದೆ. ಕಣಗಲೆಯಂಥ ಗ್ರಾಮದ ಮೇಳಕ್ಕೆ ಹಣ ಮಂಜೂರಾದಾಗ ಆ ಮೊತ್ತವನ್ನೂ ಆಟದ ದಿನ, ಸ್ಥಳಗಳನ್ನೂ ಗ್ರಾಮಸಭೆಯಲ್ಲಿ ಮೊದಲೇ ಓದಿ ಹೇಳಲಿ. ಆಟದ ತರುವಾಯ ಪಾತ್ರಧಾರಿಗಳಿಗೂ ಹಿಮ್ಮೇಳಕ್ಕೂ ಸಂದದ್ದನ್ನು ಅಲ್ಲಿಯೇ ತಿಳಿಸಲಿ. ಆಯೇರಿಯನ್ನು ರಂಗದ ಮೇಲೆ ಸಾರುವ ಜನಕ್ಕೆ ಇದು ಹೊಸದಾಗಿ ಕಲಿಯತಕ್ಕ ಪಾಠವಲ್ಲ.

ಒಂದು ಎಚ್ಚರ ಮಾತ್ರ ಅಗತ್ಯ. ಗ್ರಾಮಸಭೆಯಾಗಲಿ ಇಲಾಖೆಯಾಗಲಿ ಕೇಳತಕ್ಕದ್ದು ಹಣದ ಲೆಕ್ಕವನ್ನು. ಸತ್ಯಭಾಮೆಯು ರಂಗದ ಮೇಲೆ ಏನು ನುಡಿಯಬೇಕೆಂಬುದನ್ನಲ್ಲ. ಹಣ ಕೊಟ್ಟ ಕೈ ಮಾತಿಗೂ ಕಡಿವಾಣ ಹಾಕಿದರೆ, ೧೮೭೬ರ ಕಾಯಿದೆಯು ಹೋದರೂ ಅದರ ಕೆಲಸ ಉಳಿದಂತಾಗುವುದು.