ಮೆಟ್ಟಿಲೇರಲಾಗದ ವಿದ್ಯಾರ್ಥಿಯೂ ಇತಿಹಾಸದ ಕ್ಷೇತ್ರಾಧ್ಯಯನವೂ

ಇತಿಹಾಸವನ್ನು ಅಭ್ಯಸಿಸುವವರು ಗ್ರಂಥಗಳನ್ನಷ್ಟೇ ಓದಿದರೆ ಸಾಲದು, ಶಾಸನ-ಶಿಲ್ಪಗಳನ್ನು ಇದ್ದೆಡೆಗೇ ಹೋಗಿ ನೋಡಬೇಕೆಂದು ನಾವು ಬೋಧಿಸುತ್ತೇವೆ. ಆದರೆ ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಲೇಶನ ಶಾಸನವನ್ನು ಕಾಣಲು ಮೆಟ್ಟಿಲುಗಳನ್ನು ಹತ್ತಲೇಬೇಕು. ಒಮ್ಮೆ ನಮ್ಮೊಡನೆ ಬಂದಿದ್ದ ಗಾಲಿಕುರ್ಚಿಯ ವಿದ್ಯಾರ್ಥಿಯೊಬ್ಬನನ್ನು ಕೆಳಗೆ ಬಿಟ್ಟು ನಾವೆಲ್ಲ ಮೇಲೇರಿದೆವು. ಆತನ ಪಾಲಿನ ಕ್ಷೇತ್ರಾಧ್ಯಯನ ಬಸ್ಸಿನ ಬಳಿಯಲ್ಲಿಯೇ ಮುಗಿಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಇಂಥವರಿಗೆ ವರ್ಚುವಲ್ ರಿಯಾಲಿಟಿಯಿಂದ ಆಗಬಹುದಾದ ಪ್ರಯೋಜನವನ್ನು ಇಲ್ಲಿ ವಿಚಾರಿಸಲಾಗಿದೆ. ಕಣ್ಣಿಗೆ ಕಟ್ಟಿಕೊಂಡ ಉಪಕರಣದಲ್ಲಿ ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳು ತೋರುತ್ತವೆ. ತಲೆ ಹೊರಳಿಸಿದಂತೆ ಚಿತ್ರವೂ ಹೊರಳುವುದರಿಂದ ಆ ಸ್ಥಳದಲ್ಲಿಯೇ ನಿಂತಂತೆ ಭಾಸವಾಗುತ್ತದೆ. ಕೆಲವರಿಗೆ ತಲೆಸುತ್ತು ಬರುವುದೂ ಉಂಟು. ಆಗ್ಮೆಂಟೆಡ್ ರಿಯಾಲಿಟಿಯಲ್ಲಾದರೋ ಎದುರಿನ ನಿಜವಸ್ತು ಮರೆಯಾಗದೆ ಅದರ ಮೇಲೆ ಬರಹ ಮೂಡುತ್ತದೆ. ಕಿವಿ ಕೇಳಿಸದ ವಿದ್ಯಾರ್ಥಿಗೆ ಶಿಲ್ಪದ ಪಕ್ಕದಲ್ಲಿಯೇ ಉಪನ್ಯಾಸದ ಅಕ್ಷರರೂಪವನ್ನು ತೋರಿಸಲು ಇದು ಅನುಕೂಲ.

ಈ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಕೇಂದ್ರ ಸರಕಾರದ ನೆರವಿನ ಡಿಜಿಟಲ್ ಹಂಪಿ ಕಾರ್ಯದಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ತಾಂತ್ರಿಕ ಮಹಾವಿದ್ಯಾಲಯವೂ, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೂ, ಪಾಲುಗೊಂಡಿತ್ತು. ಸ್ಮಾರಕಗಳ ಮೂರು ಆಯಾಮದ ಗಣಕರೂಪಗಳನ್ನು ರಚಿಸುವ ಆ ಸಂಶೋಧನೆ 2017ರಲ್ಲಿ ಗ್ರಂಥವಾಗಿ ಹೊರಬಂದಿತು.

ಆದರೆ ಅಂಧ ವಿದ್ಯಾರ್ಥಿಯ ಗತಿಯೇನು? ಕಣ್ಣಿಗೆ ಕಟ್ಟುವ ಉಪಕರಣದ ಚಿತ್ರ ಆತನಿಗೆ ನಿಷ್ಪ್ರಯೋಜಕ. ಉತ್ಸಾಹಿಗಳು ಇದನ್ನು ಮರೆಯುತ್ತಾರೆ. ನನ್ನ ಮತದಲ್ಲಿ ಉಪಕರಣಕ್ಕಿಂತ ಅಳತೆಯೇ ಮುಖ್ಯ. ಒಮ್ಮೆ ಕರಾರುವಾಕ್ಕಾಗಿ ಅಳೆದಿಟ್ಟ ಶಾಸನವನ್ನು ಮೂರು ಆಯಾಮದ ಮುದ್ರಣಯಂತ್ರದಿಂದ ಬೆರಳಿಗೆ ಸಿಗುವಂತೆ ಪಡಿಮೂಡಿಸಬಹುದು. ಬ್ರೈಲ್ ಲಿಪಿಯು ಶಾಸನದ ಪಾಠವನ್ನು ಓದಿಸಬಲ್ಲದು. ಕದಂಬರ ಕಾಲದಲ್ಲಿ ಕಕಾರದ ಆಕಾರ ಹೇಗಿತ್ತೆಂಬುದನ್ನು ತಿಳಿಸಲಾರದು. ಲಿಪಿಶಾಸ್ತ್ರಕ್ಕೆ ಬೇಕಾದುದು ಆ ಆಕಾರವೇ. ಶಾಸನವಾದರೂ ಕಲ್ಲಿನಲ್ಲಿ ಕೊರೆದ ಬರಹವಷ್ಟೆ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಕುಂಚದಿಂದ ಬಡಿದು ಪಡಿಯಚ್ಚು ತೆಗೆಯುವಾಗ, ಮಸಿ ತಾಗುವ ಮುನ್ನವೇ ಅಕ್ಷರಗಳು ಬೆರಳಿಗೆ ತಿಳಿಯುವುದನ್ನು ಆ ಕೆಲಸ ಮಾಡಿದವರು ಬಲ್ಲರು.

ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳವರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು 2016ರ ಕಾಯಿದೆಯು ಮೀಸಲಿಟ್ಟಿದೆ. ಪ್ರವೇಶವಿತ್ತು, ಬಳಿಕ ಕ್ಷೇತ್ರಾಧ್ಯಯನದ ಬದಲು ಪ್ರಬಂಧವೊಂದನ್ನು ಬರೆದುಕೊಡೆಂದು ಹೇಳುವುದು ಆ ಕಾಯಿದೆಗೆ ಒಪ್ಪುವ ನಡೆಯಲ್ಲ. ಅಳತೆಯ ಕೆಲಸವನ್ನು ಹಂಪಿ-ಬಾದಾಮಿಗಳಿಂದಲೇ ತೊಡಗಬೇಕೆಂದಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದ ಕಲ್ಲುಗಳು ನಮ್ಮ ಕೈಯಳತೆಯಲ್ಲಿಯೇ ಇವೆ.