ಹಳೆ ಸೀರೆ, ಹೊಸ ಕೌದಿ

"ಆಂಟಿ, ಇದಕ್ಕೆ ಕನ್ನಡದಲ್ಲಿ ಏನಂತಾರೆ?"

ಕಳೆದ ತಿಂಗಳು ಸಂಘದ ವಂತಿಗೆ ಕೇಳಲು ಬಂದ ಇಬ್ಬರು ಹುಡುಗರು, ಹಾಲಿನ ತುಂಬ ಹರಡಿದ್ದ ಅರಿವೆಯ ಚೂರುಗಳನ್ನು ದಾಟುತ್ತ ಕೇಳಿದ ಪ್ರಶ್ನೆ ಇದು. "ಕೌದಿ" ಎಂದೆ. "ಓ, ಗೋಧಡಿ!" ಎಂದರು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು. ಮರಾಠಿ ಹೆಸರು ಮೊದಲು ನಾಲಿಗೆಗೆ ಬಂದರೆ ತಪ್ಪೇನಿಲ್ಲ. ಆದರೂ ಅವರು ಹೋದ ಮೇಲೆ, ಕೌದಿಯ ಬಗ್ಗೆ ನಿಮಗೆಲ್ಲ ನಾಲ್ಕು ಮಾತು ಹೇಳಬೇಕೆನಿಸಿತು.

ನನ್ನ ದಿನಚರಿ ನಿಮ್ಮ ತಾಯಂದಿರದಕ್ಕಿಂತ ಬೇರೆಯಲ್ಲ. ಬೆಳಿಗ್ಗೆ ಮಗ-ಸೊಸೆ ಲೋಕಲ್ ಹಿಡಿಯುವ ಮುಂಚೆ ಡಬ್ಬಿ ಸಿದ್ಧವಾಗಬೇಕು. ಆಮೇಲೆ ಪೂಜೆ, ಅಡುಗೆ, ನಿವೃತ್ತರಾದ ಯಜಮಾನರ ಎರಡನೆಯ ಚಹಾ. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ನನ್ನದು. ಆಗ ಸೂಜಿ ಹಿಡಿಯುತ್ತೇನೆ. ಎಂಐಡಿಸಿಯ ಗಾಳಿಯಲ್ಲಿ ರಾಸಾಯನಿಕದ ವಾಸನೆ ದಟ್ಟವಾಗಿರುವ ದಿನ ಮಾತ್ರ ಒಗೆದ ಚೂರುಗಳನ್ನು ಹೊರಗೆ ಒಣಹಾಕುವುದಿಲ್ಲ. ಹಳೆ ಹತ್ತಿ ಬಟ್ಟೆ ವಾಸನೆ ಹಿಡಿದರೆ ಬೇಗ ಬಿಡುವುದಿಲ್ಲ.

ಕೌದಿಗೆ ಹೊಸ ಬಟ್ಟೆ ಕೊಳ್ಳುವ ಪದ್ಧತಿ ಇಲ್ಲ. ಆರು ಗಜದ ಹಳೆ ನೂಲಿನ ಸೀರೆಯನ್ನು ಅರ್ಧಕ್ಕೆ ಕತ್ತರಿಸಿ, ಎರಡು ತುಂಡುಗಳನ್ನು ಪಕ್ಕಪಕ್ಕ ಜೋಡಿಸಿದರೆ ತಳದ ಪದರು ಆಯಿತು. ನಡುವೆ ಸವೆದ ಧೋತರ, ಚಾದರ. ಮೇಲೆ ಬಣ್ಣಬಣ್ಣದ ಚೂರುಗಳು. ಸುಕ್ಕಿಲ್ಲದಂತೆ ಹಾಸಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಬಳಿಕ ಸಾಲುಸಾಲಾಗಿ ಸಣ್ಣ ಹೊಲಿಗೆ. ಈ ಸಾಲುಗಳು ಬರೀ ಚೆಂದಕ್ಕಲ್ಲ. ಒಗೆಯುವಾಗ ಒಳಗಿನ ಪದರು ಮುದ್ದೆಯಾಗದಂತೆ ಹಿಡಿದಿಡುವುದು ಅವೇ. ನನ್ನ ಅವ್ವ ಹೇಳುತ್ತಿದ್ದಳು: "ಹೊಲಿಗಿ ಸಣ್ಣದು ಹಾಕ್ವಾ. ಉದ್ದ ಹಾಕಿದ್ರ ಕೂಸಿನ ಕಾಲ್ಬೆರಳು ಸಿಗ್ತಾವ."

ಈಗ ನನ್ನ ಕೈಯಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು ರಿಪೇರಿ. ನನ್ನ ಮದುವೆಯಲ್ಲಿ ಅವ್ವ ಹೊಲಿದು ಕೊಟ್ಟ ಕೌದಿ 2016ರ ಮೇ 26ರಂದು ಕಿಟಕಿಯ ಪಕ್ಕದ ಮಂಚದ ಮೇಲಿತ್ತು. ಅಂದು ನಮ್ಮ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಹಲವರು ಪ್ರಾಣ ಕಳೆದುಕೊಂಡರು, ದೂರದೂರದ ಮನೆಗಳ ಗಾಜುಗಳೂ ಪುಡಿಯಾದವು. ನಾನು ಅಡುಗೆಮನೆಯಲ್ಲಿದ್ದೆ, ಉಳಿದೆ. ಗಾಜಿನ ಚೂರುಗಳೆಲ್ಲ ಕೌದಿಯೊಳಗೆ ನಾಟಿದ್ದವು. "ಒಗೆದುಬಿಡು, ಹೊಸದು ತರೋಣ" ಎಂದರು ಯಜಮಾನರು. ಮನಸ್ಸಾಗಲಿಲ್ಲ. ಕಟ್ಟಿ ಅಟ್ಟದ ಮೇಲಿಟ್ಟೆ. 2024ರ ಮೇ ತಿಂಗಳಲ್ಲಿ ಮತ್ತೊಂದು ಸ್ಫೋಟವಾದಾಗ ಆ ಗಂಟು ನೆನಪಾಯಿತು. ಈಗ ಒಂದೊಂದೇ ಸಾಲು ಬಿಚ್ಚಿ, ಗಾಜು ಆರಿಸಿ, ಹರಿದಲ್ಲಿ ತೇಪೆ ಹಾಕುತ್ತಿದ್ದೇನೆ. ಅವ್ವನ ಹೊಲಿಗೆಯ ಪಕ್ಕ ನನ್ನದು ಸ್ವಲ್ಪ ಸೊಟ್ಟಗೇ ಕಾಣುತ್ತದೆ.

ಎರಡನೆಯದು ತೊಟ್ಟಿಲ ಕೌದಿ. ಸೊಸೆಗೆ ಈಗ ಆರು ತಿಂಗಳು. ಇದಕ್ಕೆ ನಾನು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಪದ್ಧತಿಯನ್ನು ಅನುಸರಿಸುತ್ತಿದ್ದೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಯರ ಪೂರ್ವಜರಲ್ಲಿ ಅನೇಕರನ್ನು ಪೋರ್ತುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ಕೌದಿಯ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಚೂರುಗಳನ್ನು ಇಡುತ್ತಾರೆ, ಅದಕ್ಕೆ 'ಫುಲ' ಎನ್ನುತ್ತಾರೆ. ಫುಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ! ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿ ಗುಲಾಮರಾಗಿದ್ದವರ ವಂಶದ ಹೆಣ್ಣುಮಕ್ಕಳೂ ಹೀಗೆಯೇ ಹಳೆ ಬಟ್ಟೆಯಿಂದ ಹೊಲಿದರು. 2002ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು.

ತೊಟ್ಟಿಲ ಕೌದಿಗೆ ಎಲ್ಲ ಸಿಕ್ಕಿತು, ಮೇಲಿನ ಪದರಿಗೆ ಮೆತ್ತಗಿನ ಬಟ್ಟೆ ಮಾತ್ರ ಸಿಗಲಿಲ್ಲ. ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆ ಇತ್ತು. ಅವ್ವ ಹೋಗಿ ಮೂರು ವರ್ಷ. ವರ್ಷಕ್ಕೊಮ್ಮೆ ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಮಡಿಸಿಡುತ್ತಿದ್ದೆ. ಒಂದು ವಾರ ಕತ್ತರಿ ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಕೂತೆ.

ಇಂಗ್ಲಿಷ್ ಬಿ.ಎ. ಮಾಡಿದವಳು ನಾನು, ಓದುವ ಚಟ ಬಿಟ್ಟಿಲ್ಲ. ಆಲಿಸ್ ವಾಕರ್ 1973ರಲ್ಲಿ ಪ್ರಕಟಿಸಿದ 'ಎವ್ರಿಡೇ ಯೂಸ್' ಕಥೆ ನೆನಪಾಯಿತು. ಅದರಲ್ಲಿ ಓದಿದ ಮಗಳು ಅಜ್ಜಿಯ ಕೌದಿಗಳನ್ನು ಗೋಡೆಗೆ ತೂಗುಹಾಕಲು ಕೇಳುತ್ತಾಳೆ. ತಂಗಿ ದಿನಬಳಕೆಗೆ ಹೊದ್ದು ಸವೆಸಿಬಿಡುತ್ತಾಳೆ ಎಂದು ಅವಳ ಆಕ್ಷೇಪ. ತಾಯಿ ತಂಗಿಗೇ ಕೊಡುತ್ತಾಳೆ. ಓದುವಾಗ ತಾಯಿ ಸರಿ ಎಂದಿದ್ದೆ. ನನ್ನ ಮನೆಯ ಟ್ರಂಕಿನ ಮುಂದೆ ಕೂತಾಗ ಮಾತ್ರ ಆ ಓದಿದ ಮಗಳು ನಾನೇ ಆಗಿದ್ದೆ.

ನನ್ನ ಸಂಕಟ ಕಂಡ ಸೊಸೆ ತವರಿನಿಂದ ತನ್ನ ಅಜ್ಜಿಯ ಒಂಬತ್ತು ಗಜದ ಲುಗಡೆ ತಂದಳು. ಸೆರಗು ಬಿಡಿಸಿ ನೋಡಿದರೆ ಅದೂ ಇಳಕಲ್ಲಿನದೇ! ಆ ಸೀರೆ ಮಹಾರಾಷ್ಟ್ರದಲ್ಲೂ ಎಷ್ಟೋ ತಲೆಮಾರಿನಿಂದ ಉಟ್ಟದ್ದು. ಒಡಲಿನ ಹಾಸುನೂಲಿಗೆ ಕೆಂಪು ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವುದು ಇಳಕಲ್ ನೇಕಾರರ ವಿಶೇಷ. ಆ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ಸೊಸೆಗೆ ತೋರಿಸಿದೆ. "ಆಯಿ, ಹೇ ಕಾಪೂ ನಕಾ" ಎಂದಳು, ಅಂದರೆ ಇದನ್ನು ಕತ್ತರಿಸಬೇಡಿ ಎಂದು. ಎರಡೂ ಸೆರಗುಗಳನ್ನು ಕೊಂಡಿಸಮೇತ ಉಳಿಸಿ, ಒಡಲನ್ನು ಕತ್ತರಿಸಿದೆವು. ಮೊದಲ ಕತ್ತರಿ ಹಾಕಿದವಳು ಅವಳು. ನನ್ನ ಕೈ ನಡುಗುತ್ತಿತ್ತು.

ಈಗ ಭಾನುವಾರ ಅವಳೂ ಜೊತೆಗೆ ಕೂಡುತ್ತಾಳೆ. ನಾನು ಕೌದಿ ಎನ್ನುತ್ತೇನೆ, ಅವಳು ಗೋಧಡಿ ಎನ್ನುತ್ತಾಳೆ. ಮಗು ಎರಡನ್ನೂ ಕಲಿಯಲಿ. ಅದರ ಮೇಲೆ ಉಚ್ಚೆ ಹೊಯ್ಯುತ್ತದೆ, ಒಗೆಯುತ್ತೇವೆ, ಒಂದು ದಿನ ಸವೆಯುತ್ತದೆ. ಸವೆಯಲಿ ಬಿಡಿ.

ಮಕ್ಕಳೇ, ನಿಮ್ಮ ಮನೆಯ ಕಪಾಟಿನಲ್ಲೂ ಅಜ್ಜಿಯದೊಂದು ಸೀರೆ ಇದ್ದೀತು. ಅದು ಯಾವ ಊರಿನ ನೇಯ್ಗೆ, ಯಾವ ಸಂದರ್ಭಕ್ಕೆ ಕೊಂಡದ್ದು ಎಂದು ತಾಯಿಯನ್ನು ಕನ್ನಡದಲ್ಲೇ ಕೇಳಿ. ಹೊಲಿಯುವ ಮನಸ್ಸಾದರೆ ಮಧ್ಯಾಹ್ನ ಎರಡಕ್ಕೆ ನಮ್ಮ ಮನೆಗೆ ಬನ್ನಿ. ಹುಡುಗರೂ ಬರಬಹುದು. ಸೂಜಿ-ದಾರ ನನ್ನದು.